ಮೊದಲ ಸಲ ಬಂದವರು

"ಮೊದಲ ಸಲ ಬರ್ತಿದ್ದೀರಾ ಅಂಕಲ್?" ಎಂದು ಚರ್ಚಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ನಗುನಗುತ್ತ ಕೇಳಿದಾಗ ಹಳೇ ಪಾದ್ರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಈ ಬಾಗಿಲನ್ನು ಇಲ್ಲಿ ಇಡಿಸಿದವರು ಯಾರಮ್ಮ ಎಂದು ಕೇಳಬೇಕೆನಿಸಿತು. ಮುಂಚೆ ಇಲ್ಲಿ ಗೋಡೆಯಿತ್ತು. ಸಮಿತಿಯವರ ಕೈಕಾಲು ಹಿಡಿದು, ಗೋಡೆ ಒಡೆಸಿ, ಜನ ಸರಾಗವಾಗಿ ಒಳಗೆ ಬರಲಿ ಎಂದು ಇಷ್ಟಗಲದ ಬಾಗಿಲು ಇಡಿಸಿದ ಮನುಷ್ಯನನ್ನೇ ಈಗ ಬಾಗಿಲಲ್ಲಿ ತಡೆದು ನೀನು ಯಾರು ಎನ್ನುತ್ತಿದ್ದಾರೆ. ಹುಡುಗಿಯದೇನೂ ತಪ್ಪಿಲ್ಲ. ತಾವು ನಿವೃತ್ತರಾದಾಗ ಇವಳಿನ್ನೂ ಭಾನುವಾರದ ಶಾಲೆಯಲ್ಲಿ ಕುರಿಮರಿಯ ಚಿತ್ರಕ್ಕೆ ಬಣ್ಣ ಬಳಿಯುತ್ತಿದ್ದಿರಬೇಕು. ಯಾರಿಗೆ ಗೊತ್ತು, ಇವಳಿಗೆ ದೀಕ್ಷಾಸ್ನಾನ ಕೊಟ್ಟವರೂ ತಾವೇ ಇರಬಹುದು, ಆ ಹಣೆಯ ಮೇಲೆ ತಮ್ಮ ಕೈಯ ನೀರೇ ಬಿದ್ದಿರಬಹುದು. ಒಂದು ಮಾತಿನಲ್ಲಿ ಮುಗಿಯುವ ವಿಷಯ. ಆದರೆ ಯಾಕೆ ಹೇಳಬೇಕು? ತಾನು ಕಟ್ಟಿದ ಮನೆಗೆ ತಾನೇ ಗುರುತು ಹೇಳಿಕೊಂಡು ಹೋಗಬೇಕೆ? ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಎಷ್ಟು ಗಂಡ ಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದ್ದರೋ. ಅದೇ ಬಾಯಿ ಈಗ, "ಹೌದಮ್ಮ, ಮೊದಲ ಸಲ" ಎಂದುಬಿಟ್ಟಿತು.

ಹುಡುಗಿಯ ಮುಖ ಅರಳಿತು. ಇಷ್ಟು ನಿಜವಾದ ಸಂತೋಷ ತಮ್ಮನ್ನು ನೋಡಿ ಯಾರಿಗಾದರೂ ಆಗಿ ಬಹಳ ಕಾಲವಾಗಿತ್ತು ಎಂಬುದು ಇನ್ನೊಂದು ಸಿಟ್ಟು. ಅವರ ಕೋಟಿನ ಎದೆಗೆ ಹಳದಿ ಸ್ಟಿಕ್ಕರ್ ಅಂಟಿಸಿ ಅಂಗೈಯಿಂದ ಒತ್ತಿದಳು: ಮೊದಲ ಸಲ ಬಂದವರು. ಕೈಗೆ ಒಂದು ಬಟ್ಟೆಯ ಚೀಲ ಕೊಟ್ಟಳು, ಒಳಗೆ ಸಭೆಯ ಗುರುತು ಅಚ್ಚುಹಾಕಿದ ಮಗ್. "ದೊಡ್ಡ ಹಾಲ್ ತುಂಬಿಹೋಗಿದೆ ಅಂಕಲ್, ಪಕ್ಕದ ಹಾಲಲ್ಲಿ ಕೂರಿಸ್ತೀನಿ ಬನ್ನಿ. ಅಲ್ಲಿ ಸ್ಕ್ರೀನ್ ಇದೆ, ಪಾದ್ರಿ ಅಯ್ಯನವರು ಇನ್ನೂ ದೊಡ್ಡದಾಗಿ ಕಾಣ್ತಾರೆ" ಎಂದು ಮೊಣಕೈ ಹಿಡಿದುಕೊಂಡು ನಡೆಸಿದಳು, ಮೆಟ್ಟಿಲು ಹುಷಾರು ಎಂದಳು. ಆ ಮೆಟ್ಟಿಲ ಮೇಲೆ ಅವರು ಎಷ್ಟು ಶವಪೆಟ್ಟಿಗೆಗಳ ಮುಂದೆ ನಡೆದಿದ್ದರು, ಎಷ್ಟು ಮದುಮಕ್ಕಳ ಹಿಂದೆ ನಡೆದಿದ್ದರು. ಹೋದ ವರ್ಷ ಹೆಂಡತಿಯ ಪೆಟ್ಟಿಗೆಯ ಹಿಂದೆ, ಮೊದಲ ಬಾರಿಗೆ ಕೈಯಲ್ಲಿ ಸತ್ಯವೇದ ಇಲ್ಲದೆ, ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಡೆದಿದ್ದರು.

ಅವತ್ತಿನಿಂದ ಇಲ್ಲಿಗೆ ಬಂದಿರಲಿಲ್ಲ. ನಿವೃತ್ತ ಪಾದ್ರಿ ಹಳೆಯ ಸಭೆಯ ವ್ಯವಹಾರದಲ್ಲಿ ತಲೆ ಹಾಕಬಾರದು, ಕರೆಯದೆ ಮದುವೆ ಮಣ್ಣಿಗೆ ಬರಬಾರದು ಎಂದು ಮೆಥೊಡಿಸ್ಟ್ ಪಂಗಡದ ಪದ್ಧತಿ. ಬಿಷಪ್ಪರು ಒಂದು ಸಭೆಯಿಂದ ಎತ್ತಿ ಇನ್ನೊಂದಕ್ಕೆ ಇಡುತ್ತಾರೆ, ಕೊನೆಗೆ ಯಾವುದಕ್ಕೂ ಇಡುವುದಿಲ್ಲ. ಪದ್ಧತಿಯನ್ನು ತಾವು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೇವೆ ಎಂದು ಹಳೇ ಪಾದ್ರಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಯಾರೂ ಕರೆದಿರಲಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ. ಹಾಗಿರುವಾಗ ಹೋದ ವಾರ ಟೀಚರಮ್ಮ ಮನೆಗೆ ಬಂದರು. ಶಾಲೆಯಲ್ಲಿ ಪಾಠ ಹೇಳುವುದು ಬಿಟ್ಟು ವರ್ಷಗಳಾಗಿದ್ದರೂ ಎಲ್ಲರ ಬಾಯಲ್ಲೂ ಟೀಚರಮ್ಮನೇ. ಸಭೆಯ ಬುಧವಾರದ ಕ್ಲಾಸಿಗೆ ಅವರೇ ಮುಂದಾಳು. ಇದು ಪಾಠದ ಕ್ಲಾಸಲ್ಲ. ಒಂದಷ್ಟು ಜನ ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ಸುತ್ತ ಕೂರುತ್ತಾರೆ. ಮುಂದಾಳು ಒಬ್ಬೊಬ್ಬರನ್ನೇ ಸರದಿಯ ಮೇಲೆ, ನಿಮ್ಮ ಆತ್ಮ ಹೇಗಿದೆ ಎಂದು ಕೇಳುತ್ತಾರೆ. ಕೇಳಿಸಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹೇಳಿದ್ದು ಬಾಗಿಲು ದಾಟಬಾರದು. ಮೆಥೊಡಿಸ್ಟರಲ್ಲಿ ಇದು ಅಜ್ಜ ಮುತ್ತಜ್ಜರ ಕಾಲದ ಪದ್ಧತಿ. ಎಷ್ಟೋ ಕಡೆ ಸತ್ತುಹೋಗಿದೆ. ಇಲ್ಲಿ ಮೆಟ್ಟಿಲ ಹಿಂದಿನ ಸಣ್ಣ ಕೋಣೆಯಲ್ಲಿ ಉಸಿರಾಡಿಕೊಂಡಿತ್ತು. ಆ ಕೋಣೆಯನ್ನು ಈಗ ಕಾಫಿ ಕೌಂಟರ್ ಮಾಡುತ್ತಾರಂತೆ. ಕ್ಲಾಸು ಬೇಕಾದವರು ಫೋನಿನಲ್ಲಿ ಗುಂಪು ಮಾಡಿಕೊಳ್ಳಬಹುದಂತೆ. ಭಾನುವಾರ ಹೊಸ ಪಾದ್ರಿ ಪ್ರಸಂಗದ ಬದಲು ಸಭೆಯ ಬಾಳು ಬೆಳವಣಿಗೆಯ ಬಗ್ಗೆ ಮಾತಾಡುವಾಗ ಅದನ್ನೂ ಹೇಳುತ್ತಾನಂತೆ. "ನೀವು ಒಂದು ಮಾತು ಹೇಳಿ ಅಯ್ಯನವರೇ. ನಿಮ್ಮ ಮಾತು ಅಂದ್ರೆ ಕೇಳ್ತಾರೆ" ಎಂದಿದ್ದರು ಟೀಚರಮ್ಮ.

ಆಗ ಹಳೇ ಪಾದ್ರಿ ಒಂದು ಚೌಕಾಸಿ ಮಾಡಿದ್ದರು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ನಾಚಿಕೆಯ ಜೊತೆಗೇ, ಅದರಲ್ಲಿ ತಪ್ಪೇನು ಎಂಬ ರೋಷವೂ ಬರುತ್ತದೆ. ಅವರ ಹೆಂಡತಿ ಈ ಊರಿನ ಸಭೆಗೆ ಬಂದಾಗಿನಿಂದ ಕೊನೆಯ ಕಾಯಿಲೆಯವರೆಗೆ ಒಂದು ಬುಧವಾರವೂ ತಪ್ಪಿಸದೆ ಆ ಕೋಣೆಗೆ ಹೋಗುತ್ತಿದ್ದಳು. ಅವರು ಮನೆಯಲ್ಲಿ ಸಮಿತಿಯ ಕಾಗದಗಳನ್ನು ಹರಡಿಕೊಂಡು ಕೂತಿರುತ್ತಿದ್ದರು. ಬಾಗಿಲ ಸದ್ದಾದ ಕೂಡಲೇ ತಲೆ ಎತ್ತದೆ, "ಏನು ಮಾತಾಡಿದ್ರಿ ಇವತ್ತು?" ಎನ್ನುತ್ತಿದ್ದರು. "ಏನಿಲ್ಲ, ಹೀಗೇ" ಎಂದು ಅವಳು ಅಡುಗೆಮನೆಗೆ ಹೋಗುತ್ತಿದ್ದಳು, ನಲ್ಲಿಯ ನೀರು ಬೀಳುವ ಸದ್ದು ಬರುತ್ತಿತ್ತು. ಊರಿನ ಗುಟ್ಟೆಲ್ಲ ತಮ್ಮ ಕಿವಿಗೆ ಬಂದು ಬೀಳುತ್ತಿರುವಾಗ ಸ್ವಂತ ಹೆಂಡತಿಯ ಗುಟ್ಟು ಮಾತ್ರ ಒಂದಷ್ಟು ಮುದುಕ ಮುದುಕಿಯರ ಪಾಲು. ಆಸ್ಪತ್ರೆಯಲ್ಲಿ ಒಂದು ದಿನ ಅವರು ಒಳಗೆ ಕಾಲಿಟ್ಟಾಗ ಟೀಚರಮ್ಮ ಅವಳ ಕಿವಿಯ ಹತ್ತಿರ ಬಾಗಿದ್ದರು. ಅವರನ್ನು ನೋಡಿ ಇಬ್ಬರೂ ಸುಮ್ಮನಾದರು. ಅವರು ಮಂಚದ ಪಕ್ಕ ನಿಂತು ಗಟ್ಟಿಯಾಗಿ, ಒಳ್ಳೊಳ್ಳೆಯ ಮಾತುಗಳಲ್ಲಿ ಪ್ರಾರ್ಥನೆ ಮಾಡಿದರು, ಪಕ್ಕದ ಮಂಚದವರೂ ಆಮೆನ್ ಎಂದರು, ಅವಳು ಕಣ್ಣು ಮುಚ್ಚಿದಳು. ಭಕ್ತಿ ಎಂದುಕೊಂಡಿದ್ದರು. ಸುಸ್ತಿರಬಹುದು ಎಂದು ಈಗ ಅನಿಸುತ್ತದೆ. ಮಣ್ಣಿನ ದಿನ ಆ ಕ್ಲಾಸಿನವರು ಅಳುತ್ತಿದ್ದ ರೀತಿಯೇ ಬೇರೆಯಾಗಿತ್ತು. ಅವಳ ಗಂಡನಿಗೇ ಸಿಗದಿದ್ದ ಏನನ್ನೋ ಕಳೆದುಕೊಂಡವರ ಹಾಗೆ ಅಳುತ್ತಿದ್ದರು. ಅಳುವ ಹಕ್ಕು ನನ್ನದು ಎಂದು ಕೂಗಬೇಕೆನಿಸಿತ್ತು ಹಳೇ ಪಾದ್ರಿಗೆ. ಆಮೇಲೆ ವರ್ಷವಿಡೀ ಟೀಚರಮ್ಮನನ್ನು ಕೇಳಿದ್ದರು, ಅವಳು ಏನು ಹೇಳುತ್ತಿದ್ದಳು ಎಂದು. "ಅಲ್ಲಿ ಹೇಳಿದ್ದು ಅಲ್ಲೇ ಇರತ್ತೆ" ಎಂಬ ಒಂದೇ ಉತ್ತರ. ಅದಕ್ಕೇ ಹೋದ ವಾರ, "ನಾನು ಕೋಣೆಗೋಸ್ಕರ ಮಾತಾಡ್ತೀನಿ. ನೀವು ಅವಳ ಮಾತು ನನಗೆ ಹೇಳಬೇಕು" ಎಂದಿದ್ದರು. ಟೀಚರಮ್ಮ ಸುಮ್ಮನೆ ನೋಡಿ, ಕೊಡೆ ತೆಗೆದುಕೊಂಡು ಎದ್ದುಹೋಗಿದ್ದರು. ಮೌನಂ ಸಮ್ಮತಿ ಲಕ್ಷಣಂ ಎಂದು ಅವರು ಲೆಕ್ಕ ಹಾಕಿದ್ದರು.

ಈಗ ಸ್ಕ್ರೀನಿನ ಮೇಲೆ ಹೊಸ ಪಾದ್ರಿಯ ಮುಖ ಬಂತು. ಬಾಗಿಲಷ್ಟು ದೊಡ್ಡ ಮುಖ, ಗಲ್ಲದ ಮೇಲೆ ಕ್ಷೌರದಲ್ಲಿ ತಪ್ಪಿಹೋದ ಒಂದು ಕೂದಲು ಕೂಡ ಕಾಣುತ್ತಿತ್ತು. ಕೋಟಿಲ್ಲ, ನಿಲುವಂಗಿಯಿಲ್ಲ, ಅಂಗಿಯ ತೋಳು ಮಡಚಿಕೊಂಡು, ಕಿವಿಯ ಪಕ್ಕ ಕಡ್ಡಿಯಂಥ ಮೈಕು ಸಿಕ್ಕಿಸಿಕೊಂಡು ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. "ನಾನು ಇಲ್ಲಿಗೆ ಬಂದಾಗ ಈ ಸಭೆ ಮಲಗಿತ್ತು" ಎಂದ. ಹಳೇ ಪಾದ್ರಿ ಕುರ್ಚಿಯ ಕೈ ಹಿಡಿದುಕೊಂಡರು. ಮಲಗಿತ್ತಂತೆ. ಯಾರ ಎದೆಯ ಮೇಲೆ ಮಲಗಿತ್ತಪ್ಪ ಅದು? ಹಸುಗೂಸಿನ ಹಾಗೆ ಎತ್ತಿ ಆಡಿಸಿದ್ದು ಯಾರು? ಯುವಕರ ತಂಡ ಇಷ್ಟಾಯಿತು, ಎರಡನೆಯ ಆರಾಧನೆ ಶುರುವಾಯಿತು, ಮಕ್ಕಳಿಗೆ ಹೊಸ ಕೊಠಡಿ ಬಂತು ಎಂದು ಅವನು ಹೇಳುತ್ತಿದ್ದ ಹಾಗೆಲ್ಲ ಪಕ್ಕದಲ್ಲಿ ಚಪ್ಪಾಳೆ ಬೀಳುತ್ತಿತ್ತು. ಪ್ರತಿಯೊಂದರ ಅಡಿಪಾಯದಲ್ಲೂ ತಮ್ಮ ಬೆವರಿನ ವಾಸನೆ ಹಳೇ ಪಾದ್ರಿಯ ಮೂಗಿಗೆ ಬಡಿಯುತ್ತಿತ್ತು. ಹೆತ್ತವರೊಬ್ಬರು, ಹೆಸರಿಟ್ಟವರು ಇನ್ನೊಬ್ಬರು. ಹಾಗೆ ಉರಿಯುತ್ತಿರುವಾಗಲೇ, ಕರೆಯದೆ ಬಂದು ಒಂದು ನೆನಪು ಎದುರಿಗೆ ಕೂತಿತು. ಇದೇ ವೇದಿಕೆಯ ಮೇಲೆ ಕಪ್ಪು ಕೂದಲಿನ ತಾವು. ಇದೇ ಮಾತು, ಮಲಗಿತ್ತು ಎಂಬ ಇದೇ ಪದ. ಮುಂದಿನ ಸಾಲಿನಲ್ಲಿ ಅವರಿಗಿಂತ ಹಿಂದಿನ ಪಾದ್ರಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ನಗುತ್ತ ಕೂತಿದ್ದರು. ಎಷ್ಟು ದೊಡ್ಡ ಮನಸ್ಸು ಎಂದು ಅವತ್ತು ಮನೆಗೆ ಬಂದು ಹೆಂಡತಿಗೆ ಹೇಳಿದ್ದರು. ಅವಳು, "ಅದು ನಗು ಅಲ್ಲ, ಹಲ್ಲು ಕಚ್ಚಿಕೊಂಡಿದ್ರು" ಎಂದಿದ್ದಳು. ಅವಳಿಗೆ ಅವತ್ತೇ ಕಂಡಿತ್ತು. ಅವಳಿಗೆ ಇನ್ನೂ ಏನೇನು ಕಂಡಿತ್ತೋ, ಅದೆಲ್ಲ ಮೆಟ್ಟಿಲ ಹಿಂದಿನ ಆ ಕೋಣೆಗೇ ಹೋಯಿತೇ ಹೊರತು ತಮ್ಮ ಕೈಗೆ ಒಂದು ಚೂರೂ ಹತ್ತಲಿಲ್ಲ.

"ಹಾಗೇನೇ, ಮೆಟ್ಟಿಲ ಹಿಂದಿನ ಹಳೇ ಕೋಣೆ," ಎಂದ ಹೊಸ ಪಾದ್ರಿ, "ಇನ್ಮುಂದೆ ಎಲ್ಲರೂ ಕೂತು ಮಾತಾಡೋ ಜಾಗ ಆಗತ್ತೆ." ಬಣ್ಣದ ಚಿತ್ರ ಬಂತು. ಎತ್ತರದ ಸ್ಟೂಲುಗಳು, ಗೋಡೆಯಲ್ಲಿ ಗಿಡ, ನಗುತ್ತಿರುವ ಯಾರೋ ಮೂವರು. ಬಾಗಿಲೇ ಇಲ್ಲ, ಇದ್ದ ಜಾಗದಲ್ಲಿ ತೆರೆದ ಕಮಾನು. ಚಪ್ಪಾಳೆ. ಹಳೇ ಪಾದ್ರಿ ತಾವು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಸಾಲುಗಟ್ಟಿಸಿದರು. ಸಭೆ ಬೆಳೆಯುವುದು ತಲೆಗಳಿಂದಲ್ಲ. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇಲ್ಲದ ಮನೆ ಮನೆಯಲ್ಲ, ಬಸ್ ನಿಲ್ದಾಣ. ಒಳ್ಳೆಯ ಮಾತು, ಕಿವಿ ನಿಮಿರುವಂಥ ಮಾತು. ಆರಾಧನೆ ಮುಗಿದ ಮೇಲೆ ಅವನನ್ನು ಹಿಡಿದು ಇಷ್ಟನ್ನೂ ಹೇಳಿ, ನೇರ ಟೀಚರಮ್ಮನ ಹತ್ತಿರ ಹೋಗಿ ತಮಗೆ ಬರಬೇಕಾದ್ದನ್ನು ಕೇಳುವುದು ಎಂದುಕೊಂಡರು.

ಅಷ್ಟರಲ್ಲಿ ಹೊಸ ಪಾದ್ರಿ, "ಬೆಳವಣಿಗೆ ಅಂದ್ರೆ ಕಟ್ಟಡ ಅಲ್ಲ, ಜನ. ಪಕ್ಕದ ಹಾಲಲ್ಲಿ ಇವತ್ತು ಮೊದಲ ಸಲ ಬಂದಿರೋರು ಇದ್ರೆ ಎದ್ದು ನಿಲ್ಲಿ, ಎಲ್ಲರೂ ನಿಮ್ಮನ್ನ ನೋಡ್ಲಿ" ಎಂದ. ಬಾಗಿಲಿನ ಹುಡುಗಿ ಕೈಯಲ್ಲಿ ಮೈಕು ಹಿಡಿದು ಸಾಲುಗಳ ನಡುವೆ ನೇರ ಅವರ ಹತ್ತಿರ ಬಂದಳು, ಏಳಿ ಅಂಕಲ್ ಎಂದು ಕಣ್ಣಲ್ಲೇ ಪುಸಲಾಯಿಸಿದಳು. ಬೇಡವೆನ್ನಲು ಸಮಯವಿರಲಿಲ್ಲ. ಎದ್ದರು. ಕ್ಯಾಮೆರಾ ತಿರುಗಿತು, ಸ್ಕ್ರೀನಿನ ಮೇಲೆ ಒಬ್ಬ ಬೋಳುತಲೆಯ ಮುದುಕ ಬಂದ. ಕೋಟು ಭುಜದಲ್ಲಿ ಜೋತುಬಿದ್ದಿತ್ತು, ಎದೆಯ ಮೇಲೆ ಹಳದಿ ಸ್ಟಿಕ್ಕರ್, ಕೈಯಲ್ಲಿ ಚೀಲ. ಇಷ್ಟು ಮುದುಕನೇ ನಾನು ಎಂದುಕೊಳ್ಳುವಷ್ಟರಲ್ಲಿ ಗೋಡೆಯಾಚೆಯ ದೊಡ್ಡ ಹಾಲಿನಿಂದ ಒಂದು ಗುಜುಗುಜು ಎದ್ದಿತು, ಆಮೇಲೆ ಅದರೊಳಗಿಂದ ಯಾರೋ ಕಿಸಕ್ಕೆಂದು ನಕ್ಕರು. ಹಳಬರಿಗೆ ಗುರುತು ಸಿಕ್ಕಿತ್ತು. ಹೊಸ ಪಾದ್ರಿಯ ಕಣ್ಣಿಗೆ ದೀಪಗಳು ರಾಚುತ್ತಿದ್ದವು, ಅಲ್ಲಿನ ಸ್ಕ್ರೀನು ಅವನ ಬೆನ್ನ ಹಿಂದೆ, ಎದ್ದು ನಿಂತವರು ಯಾರೆಂದು ಅವನಿಗೆ ಕಾಣಲಿಲ್ಲ. "ಸ್ವಾಗತ ಸರ್," ಎಂದ, ಎಲ್ಲಿಗೋ ನೋಡಿಕೊಂಡು. "ನೀವು ಬಂದಿದ್ದು ಬಹಳ ಸಂತೋಷ. ಹೇಗಿದ್ದೀರಿ?"

ಗೋಡೆಯಾಚೆಯ ಆ ನಗು ಇಲ್ಲದಿದ್ದರೆ ಬೇರೆ ಏನಾಗುತ್ತಿತ್ತೋ. ಸಾಲುಗಟ್ಟಿಸಿದ್ದ ಒಂದು ಮಾತೂ ಬಾಯಿಗೆ ಬರಲಿಲ್ಲ. ಕೋಣೆ ಮರೆತುಹೋಯಿತು, ಬಾಗಿಲು ಮರೆತುಹೋಯಿತು, ಈ ಹೊಸ ಪಾದ್ರಿಯ ಮೂಗು ನೆಲಕ್ಕೆ ಉಜ್ಜಬೇಕು ಎಂಬ ಒಂದೇ ಆಸೆ ಉಳಿಯಿತು. ಮೈಕನ್ನು ಬಾಯಿಯ ಹತ್ತಿರ ತಂದುಕೊಂಡು, ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಹಳೆಯ ಪ್ರಸಂಗದ ದನಿಯಲ್ಲಿ, "ನಾನು ಚೆನ್ನಾಗಿದ್ದೀನಿ. ನಿಮ್ಮ ಆತ್ಮ ಹೇಗಿದೆ?" ಎಂದರು.

ಹೊಸ ಪಾದ್ರಿ ತಿರುಗಿ ನೋಡಿದ. ಸ್ಕ್ರೀನಿನ ಅರ್ಧಕ್ಕೆ ಅವನ ಮುಖ, ಇನ್ನರ್ಧಕ್ಕೆ ಅವರದು. "ಅಯ್ಯನವರೇ" ಎಂದು ತುಟಿಯಲ್ಲೇ ಅಂದ. ನಗು ಹಾಗೇ ಮುಖದ ಮೇಲೆ ಉಳಿದಿತ್ತು, ಅದರ ಹಿಂದೆ ಇದ್ದ ಮನುಷ್ಯ ಎದ್ದುಹೋಗಿದ್ದ. ಏನಾದರೊಂದು ತಮಾಷೆ ಮಾಡಿ ದಾಟಿಸುತ್ತಾನೆ ಎಂದುಕೊಂಡರು ಹಳೇ ಪಾದ್ರಿ. ತಾವಾಗಿದ್ದರೆ ದಾಟಿಸುತ್ತಿದ್ದರು, ಒಂದು ವಾಕ್ಯ ಸತ್ಯವೇದದಿಂದ ಎತ್ತಿ ಹಾಕಿದ್ದರೆ ಸಾಕಿತ್ತು. ಅವನು ಹಾಗೆ ಮಾಡಲಿಲ್ಲ. "ಗೊತ್ತಿಲ್ಲ ಅಯ್ಯನವರೇ," ಎಂದ. "ಬಾಯಲ್ಲಿ ಪ್ರಾರ್ಥನೆ ಮಾಡ್ತೀನಿ. ಒಳಗಿಂದ ಬಂದು ಬಹಳ ದಿನ ಆಯ್ತು. ಇದನ್ನ ನನ್ನ ಯಾರೂ..." ಅಷ್ಟಕ್ಕೆ ಸ್ಕ್ರೀನು ಫಕ್ಕನೆ ಬದಲಾಯಿತು. ಸಭೆಯ ಗುರುತು ಮೂಡಿತು, ಅದರ ಹಿಂದೆಯೇ ಗಿಟಾರು. ಎಲ್ಲೋ ಯಾವನೋ ಜಾಣ ಗುಂಡಿ ಒತ್ತಿದ್ದ. ಪಕ್ಕದ ಹಾಲಿನವರು ಇದೂ ಕಾರ್ಯಕ್ರಮದ ಒಂದು ಭಾಗ, ಒಂದು ಸಣ್ಣ ನಾಟಕ ಎಂದು ತಿಳಿದು ಜೋರಾಗಿ ಚಪ್ಪಾಳೆ ಹೊಡೆದರು. "ಸೂಪರ್ ಅಂಕಲ್" ಎಂದಳು ಹುಡುಗಿ. ಹಳೇ ಪಾದ್ರಿಯ ಹೊಟ್ಟೆ ಒಂದು ಗಳಿಗೆ ತಣ್ಣಗಾಯಿತು.   ಗೆದ್ದವನು ತನ್ನ ಪಾಲು ವಸೂಲು ಮಾಡಬೇಕು. ಹಾಡು ಮುಗಿದು ಜನ ಚದುರಿದ ಮೇಲೆ, ಚೀಲವನ್ನು ಕುರ್ಚಿಯ ಮೇಲೇ ಬಿಟ್ಟು ಮೆಟ್ಟಿಲ ಹಿಂದಿನ ಕೋಣೆಯ ಕಡೆ ನಡೆದರು.

ಬಾಗಿಲು ಮುಚ್ಚಿತ್ತು. ತಟ್ಟದೆ ತಳ್ಳಿದರು. ಕುರ್ಚಿಗಳು ಬುಧವಾರದ ಹಾಗೆ ಸುತ್ತಲೂ ಇದ್ದವು. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಹೆಂಡತಿ ಹಳೆಯ ಪರದೆಯ ಬಟ್ಟೆಯಿಂದ ಹೊಲಿದಿದ್ದ ದಿಂಬು ಇನ್ನೂ ಇತ್ತು, ಆ ದಿಂಬಿನ ಮೇಲೆ ಹೊಸ ಪಾದ್ರಿ ಕೂತು ಲೋಟದಲ್ಲಿ ನೀರು ಕುಡಿಯುತ್ತಿದ್ದ. ಟೀಚರಮ್ಮ ಎದುರಿಗೆ ಕೂತಿದ್ದರು. ಅದು ಅವಳ ಕುರ್ಚಿ, ಏಳು ಎಂದು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವನೇ ಎದ್ದ. ಕಣ್ಣು ಕೆಂಪಾಗಿತ್ತು. "ನೀವು ಬರ್ತೀರಿ ಅಂತ ಗೊತ್ತಿದ್ದಿದ್ರೆ ಮುಂದಿನ ಸಾಲಲ್ಲಿ ಜಾಗ ಇಡಿಸ್ತಿದ್ದೆ ಅಯ್ಯನವರೇ" ಎಂದ. ಅವನ ದನಿಯಲ್ಲಿ ಕೊಂಕು ಹುಡುಕಿದರು, ಸಿಗಲಿಲ್ಲ, ಸಿಗದ್ದಕ್ಕೆ ಇನ್ನಷ್ಟು ರೇಗಿತು. "ಕೋಣೆ ವಿಷಯ ಸಮಿತಿಲಿ ತೀರ್ಮಾನ ಆಗಿಹೋಗಿದೆ. ನನ್ನ ಕೈಯಲ್ಲಿಲ್ಲ. ಟೀಚರಮ್ಮಂಗೂ ಅದನ್ನೇ ಹೇಳ್ತಿದ್ದೆ" ಎಂದು ಅವನು ಲೋಟ ಕಿಟಕಿಯಲ್ಲಿಟ್ಟ. ಎರಡನೆಯ ಆರಾಧನೆಗೆ ಜನ ಬರುತ್ತಿರುವ ಸದ್ದು ಕೇಳಿಸುತ್ತಿತ್ತು. ಬಾಗಿಲ ಹತ್ತಿರ ನಿಂತು ಅಂಗೈಯಿಂದ ಮುಖ ಒರೆಸಿಕೊಂಡ, ಒಂದು ಸಲ ಉಸಿರೆಳೆದುಕೊಂಡ, ನಗು ಹಾಕಿಕೊಂಡು ಹೊರಗೆ ಹೋದ. ಆ ನಗುವಿನ ಪರಿಚಯ ಹಳೇ ಪಾದ್ರಿಗೆ ಚೆನ್ನಾಗಿಯೇ ಇತ್ತು. ಇದೇ ಬಾಗಿಲ ಹೊರಗೆ ಅದನ್ನು ಅವರೂ ಎಷ್ಟೋ ಸಲ ಹಾಕಿಕೊಂಡಿದ್ದರು.

"ಆ ಪ್ರಶ್ನೆನ ಮೈಕಲ್ಲಿ ಕೇಳೋದಾ?" ಎಂದರು ಟೀಚರಮ್ಮ. ದನಿ ಏರಿಸಲಿಲ್ಲ. ಮಕ್ಕಳನ್ನು ಬೈದು ಪಳಗಿದ ದನಿ, ಏರಿಸುವ ಅಗತ್ಯವಿರಲಿಲ್ಲ. "ಅಷ್ಟು ಜನರ ಮುಂದೆ ಕೇಳಿದ್ರೆ ಅದು ಪ್ರಶ್ನೆ ಅಲ್ಲ ಅಯ್ಯನವರೇ, ಕಪಾಳಕ್ಕೆ ಹೊಡೆಯೋದು."

"ನಿಮ್ಮ ಕೋಣೆಗೋಸ್ಕರ ಬಂದವನು ನಾನು."

"ಕೋಣೆ ಬಗ್ಗೆ ಒಂದು ಮಾತೂ ಆಡ್ಲಿಲ್ಲ ನೀವು."

ಅದು ನಿಜವೆಂದು ಆಗ ಹೊಳೆಯಿತು. ಹೊಳೆದದ್ದೇ ಕಾಲು ಕೆರೆದು ನಿಂತರು. "ಅದೆಲ್ಲ ಇರ್ಲಿ. ನಾನು ಬಂದೆ, ಎಲ್ಲರ ಮುಂದೆ ಮಾನ ಕಳ್ಕೊಂಡು ನಿಂತೆ. ನೀವು ಮಾತು ಕೊಟ್ಟ ಹಾಗೆ ಹೇಳಿ."

"ನಾನು ಮಾತು ಕೊಡ್ಲಿಲ್ಲ. ಸುಮ್ಮನಿದ್ದೆ."

"ಏನು ಹೇಳ್ತಿದ್ದಳು ಅವಳು? ನನ್ನ ಮೇಲೆ ದೂರು ಹೇಳ್ತಿದ್ದಳಾ? ಹೇಳ್ಲಿ, ಕೇಳೋಕೆ ನಾನು ತಯಾರಿದ್ದೀನಿ. ಒಂದು ಜೀವಮಾನದ ಮಾತು ಟೀಚರಮ್ಮ, ಇಷ್ಟು ಜನ ಹಂಚಿಕೊಂಡು ಕೂತಿದ್ದೀರಿ. ನಾಳೆ ಈ ಕೋಣೆ ಒಡೀತಾರೆ. ನಾನು ಅವಳ ಗಂಡ. ನನಗೆ ಒಂದು ಚೂರಾದ್ರೂ ಕೊಡಬಾರದಾ?"  

 ಟೀಚರಮ್ಮ ಎದ್ದು ಬಾಗಿಲು ಮುಚ್ಚಿ ಬಂದು ಕೂತರು. "ಇಲ್ಲಿ ಹೇಳಿದ್ದನ್ನ ಹೊರಗೆ ಹೇಳಬಾರದು ಅನ್ನೋದು ನಿಯಮ. ಹೇಳದೇ ಇದ್ದದ್ದಕ್ಕೆ ನಿಯಮ ಇಲ್ಲ, ಅದಕ್ಕೇ ಹೇಳ್ತೀನಿ," ಎಂದರು. "ಅಮ್ಮನವರು ಇಷ್ಟು ವರ್ಷದಲ್ಲಿ ಒಂದು ದಿನವೂ ಏನೂ ಹೇಳಲಿಲ್ಲ. ಬೇರೆಯವರು ಹೇಳೋದು ಕೇಳೋರು, ಅಳೋರ ಕೈ ಹಿಡ್ಕೊಳ್ಳೋರು. ಅವರ ಸರದಿ ಬಂದಾಗ ತಲೆ ಆಡಿಸಿ ಪಕ್ಕದವರ ಕಡೆ ನೋಡೋರು. ಒಂದ್ಸಲ ನಾನೇ ತಡೀಲಾರದೆ ಹೊರಗೆ ಮೆಟ್ಟಿಲ ಹತ್ತಿರ ಕೇಳ್ಬಿಟ್ಟೆ, ಯಾಕಮ್ಮ ಅಂತ. ಅದು ಒಳಗಿನ ಮಾತಲ್ಲ, ಅದನ್ನೂ ಹೇಳಬಹುದು. 'ನಾನು ಏನು ಹೇಳಿದ್ರೂ ಅದು ಅಯ್ಯನವರ ಸುದ್ದಿ ಆಗ್ಬಿಡತ್ತೆ ಟೀಚರ್, ನಂದಾಗಿ ಉಳಿಯಲ್ಲ' ಅಂದ್ರು. ಇನ್ನೊಂದ್ಸಲ ನಾನು ಕೇಳಲಿಲ್ಲ."

ಹಳೇ ಪಾದ್ರಿ ವರ್ಷವಿಡೀ ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಹೊಡೆದಾಡಿದ್ದರು, ಅದರೊಳಗೆ ಏನೂ ಇರಲಿಲ್ಲ. ಇಲ್ಲದ್ದಕ್ಕೂ ಕಾರಣ ತಾವೇ. ಹೊಸ ಪಾದ್ರಿಯ ಮೇಲೆ, ಸಮಿತಿಯ ಮೇಲೆ, ಎದುರಿಗೆ ಕೂತ ಈ ಮುದುಕಿಯ ಮೇಲೆ ಸಿಟ್ಟು ಮಾಡಲು ನೋಡಿದರು, ಯಾರ ಮೇಲೂ ನಿಲ್ಲಲಿಲ್ಲ. "ಒಂದು ಮಾತೂ ಆಡದೆ ಇರೋದಕ್ಕೆ ಪ್ರತಿ ಬುಧವಾರ ಯಾಕೆ ಬರಬೇಕಿತ್ತು?" ಎಂದು ಗದರಿದರು, ಅವಳೇ ಎದುರಿಗಿರುವ ಹಾಗೆ. "ಮನೆಯಲ್ಲೇ ಸುಮ್ಮನಿರಬಹುದಿತ್ತಲ್ಲ?"

"ಇಲ್ಲಿ ನಿಮ್ಮ ಆತ್ಮ ಹೇಗಿದೆ ಅಂತ ಕೇಳ್ತಿದ್ವಲ್ಲ," ಎಂದರು ಟೀಚರಮ್ಮ. "ಕೇಳಿಸ್ಕೊಳ್ಳೋಕೆ ಬರ್ತಿದ್ರು."

ಬಾಗಿಲು ತಟ್ಟುವ ಸದ್ದಾಯಿತು. ಹುಡುಗಿ ತಲೆ ತೂರಿಸಿ, "ಅಂಕಲ್, ಮಗ್ ಬಿಟ್ಟು ಬಂದಿದ್ರಿ" ಎಂದು ಚೀಲವನ್ನು ಅವರ ಕೈಗೆ ಕೊಟ್ಟಳು. ಮುಂದಿನ ವಾರವೂ ಬನ್ನಿ ಎಂದಳು. ಹಳೇ ಪಾದ್ರಿ ಚೀಲ ಹಿಡಿದುಕೊಂಡು, ಏನಮ್ಮ, ನಿನ್ನ ಹೆಸರೇನು ಎಂದು ಸಿಟ್ಟಿನ ದನಿಯಲ್ಲೇ ಕೇಳಿದರು. ಅವಳು ಹೇಳಿದಳು. ಆ ಹೆಸರು ಅವರ ಹೆಂಡತಿಯದೇ ಆಗಿತ್ತು.

"ಅಮ್ಮನವರ ಹೆಸರು ಇಟ್ಟಿದ್ದಂತೆ ನಮ್ಮಜ್ಜಿ," ಎಂದಳು ಹುಡುಗಿ. "ಮುಂಚೆ ಇಲ್ಲಿದ್ದ ಪಾದ್ರಿಯವರ ಹೆಂಡತಿ. ನಮ್ಮಜ್ಜಿ ಅವರ ಜೊತೆ ಇದೇ ಕೋಣೆಗೆ ಬರ್ತಿದ್ರು. ನಿಮಗೆ ಗೊತ್ತಾ ಅವರು?"

ಟೀಚರಮ್ಮ ಅವರನ್ನೇ ನೋಡುತ್ತಿದ್ದರು. ಹಳೇ ಪಾದ್ರಿ ಎದೆಯ ಮೇಲಿನ ಸ್ಟಿಕ್ಕರನ್ನು ಕೀಳಲು ಹೋಗಿ, ಕೈ ಅಲ್ಲೇ ನಿಲ್ಲಿಸಿದರು.

"ಇಲ್ಲಮ್ಮ," ಎಂದರು.